ಕಟಾವಣೆ ಮಾಸ್ತರರು

ಚಿಕ್ಕೋಡಿ ಸೀಮೆಯಲ್ಲಿ ಫೆಬ್ರುವರಿ ಬಂತೆಂದರೆ ಎರಡು ಕಟಾವು. ಹೊಲದಲ್ಲಿ ಕಬ್ಬಿನದು, ಶಾಲೆಯಲ್ಲಿ ಪಗಾರದ್ದು. ಕಬ್ಬಿಗೆ ಗ್ಯಾಂಗು ಬೇಕು, ಟ್ರ್ಯಾಕ್ಟರು ಬೇಕು. ಪಗಾರಕ್ಕೆ ಕಟಾವಣೆ ಮಾಸ್ತರರೊಬ್ಬರಿದ್ದರೆ ಸಾಕು.

ಕಂದಾಯ ಇಲಾಖೆ ಇನ್ನೂ ನಮ್ಮನ್ನು ಜಿಲ್ಲೆ ಅಂದಿಲ್ಲ. ಶಿಕ್ಷಣ ಇಲಾಖೆ ಎಂದೋ ಅಂದಿದೆ. ಈ ಶೈಕ್ಷಣಿಕ ಜಿಲ್ಲೆಯ ಯಾವ ಶಾಲೆಗೆ ಹೋದರೂ ಇಂಥ ಮಾಸ್ತರರೊಬ್ಬರು ಸಿಗುತ್ತಾರೆ. ಹೆಸರಿಗೆ ಸಮಾಜ ವಿಜ್ಞಾನ, ಖರೇ ವಿಷಯ ಆದಾಯ ತೆರಿಗೆ. ಸಂಕ್ರಮಣದ ಕುಸುರೆಳ್ಳು ಬಾಯಲ್ಲಿ ಕರಗುವ ಮೊದಲೇ ನಮ್ಮ ಶಾಲೆಯ ಮಾಸ್ತರರ ಟೇಬಲ್ಲಿನ ಮುಂದೆ ಪಾಳಿ ಹತ್ತುತ್ತಿತ್ತು. ಡಾಕ್ಟರರು ನಾಡಿ ಹಿಡಿದಂತೆ ಅವರು ಪಗಾರಪಟ್ಟಿ ಹಿಡಿಯುತ್ತಿದ್ದರು.

"ಕೆಜಿಐಡಿ ಎಷ್ಟ್ರೀ? ಮಕ್ಕಳ ಫೀ ಪಾವತಿ ತಂದೀರೇನು? ಮನಿ ಬಾಡಿಗಿ?"

ಬಾಡಿಗೆ ಪಾವತಿಗೆ ಹಚ್ಚುವ ರೆವಿನ್ಯೂ ಸ್ಟಾಂಪು ಅವರ ಚಾಳೀಸಿನ ಡಬ್ಬಿಯಲ್ಲೇ ಇರುತ್ತಿತ್ತು. ಕೊನೆಗೆ ತಲೆ ಅಲ್ಲಾಡಿಸಿ, "80ಸಿ ಒಂದೂವರೆ ಲಕ್ಷ ತುಂಬವಲ್ದಲ್ರೀ ಬಾಯಾರ, ಇನ್ನೊಂದು ಪಾಲಿಸಿ ಮಾಡಿಬಿಡ್ರಿ" ಅನ್ನುತ್ತಿದ್ದರು. ವಿಮಾ ಏಜೆಂಟರನ್ನು ಹುಡುಕಿಕೊಂಡು ಹೋಗುವ ಕಾರಣವಿರಲಿಲ್ಲ. ಏಜೆಂಟರು ಮಾಸ್ತರರ ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದರು.

ಇಂಥ ಸಾಮ್ರಾಜ್ಯ ಒಂದೇ ಮುಂಜಾನೆ ಮುಳುಗಿತು. 2025ರ ಫೆಬ್ರುವರಿ 1, ಶನಿವಾರ. ಬಾಡಿಗೆ, ಪಾಲಿಸಿ ಲೆಕ್ಕಕ್ಕೆ ಬಾರದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ, ಪಗಾರದವರಿಗೆ 75,000ದ ಪ್ರಮಾಣಿತ ಕಡಿತ ಸೇರಿ 12,75,000ದವರೆಗೂ ಇಲ್ಲ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ದಿಲ್ಲಿಯಲ್ಲಿ ಬಜೆಟ್ ಓದುತ್ತ ಹೇಳಿದರು. ಇಲ್ಲಿ ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ಬಿತ್ತು. ತಿಂಗಳಿಗೆ 80,000 ಎಣಿಸುವ ಗಣಿತದ ಸರ್ ಓಡಿ ಬಂದರು. ಮಾಸ್ತರರು ಲೆಕ್ಕ ಹಾಕಿದರು. ಅದೇ ಹೊಸ ಪದ್ಧತಿಯಲ್ಲಿ ಈ ವರ್ಷ ಸೆಸ್ ಸೇರಿ 40,040 ರೂಪಾಯಿ, ಮುಂದಿನ ವರ್ಷ ಸೊನ್ನೆ. ಆ ಸೊನ್ನೆಯನ್ನು ಅವರು ಬರೆದ ರೀತಿ ನೋಡಬೇಕಿತ್ತು. ಸೂತಕದ ಮನೆಯಲ್ಲಿ ವಿಳಾಸ ಬರೆದುಕೊಟ್ಟಂತಿತ್ತು.

ಮರುವರ್ಷ ಸಂಕ್ರಮಣ ಬಂತು, ಪಾಳಿ ಬರಲಿಲ್ಲ. ಬಾಡಿಗೆ ಪಾವತಿ ಯಾರಿಗೂ ಬೇಡ, ಪಾಲಿಸಿ ಮೊದಲೇ ಬೇಡ. ಚಾಳೀಸಿನ ಡಬ್ಬಿಯಲ್ಲಿ ಸ್ಟಾಂಪುಗಳು ಒಂದಕ್ಕೊಂದು ಅಂಟಿಕೊಂಡವು. ಮಾಸ್ತರರು ಅನಿವಾರ್ಯವಾಗಿ ಸಮಾಜ ವಿಜ್ಞಾನ ಕಲಿಸತೊಡಗಿದರು. ಹುಡುಗರು ಗಾಬರಿಯಾದರು.

ಆಗ ಕೈ ಹಿಡಿದದ್ದು ವೃತ್ತಿ ತೆರಿಗೆ. 2026ರ ಫೆಬ್ರುವರಿಯ ಪಗಾರಪಟ್ಟಿಯಲ್ಲಿ ಎಂದಿನ 200ರ ಜಾಗದಲ್ಲಿ 300 ಇತ್ತು. ಮಾಸ್ತರರ ಬೆನ್ನು ನೆಟ್ಟಗಾಯಿತು.

"ನೋಡ್ರೀ, ಸಂವಿಧಾನದ 276ನೇ ವಿಧಿ! ವೃತ್ತಿ ತೆರಿಗಿ ವರ್ಷಕ್ಕ 2,500 ದಾಟಬಾರದು. ನಾವು 200ರಂಗ 2,400 ಕೊಡ್ತಿದ್ವಿ. ನೂರು ರೂಪಾಯಿ ಜಾಗಾ ಖಾಲಿ ಐತಿ ಅಂತ ಬೆಂಗಳೂರಾಗ ಯಾರ ಕಣ್ಣಿಗೋ ಬಿತ್ತು!"

"ನಲವತ್ತು ಸಾವಿರ ಉಳೀತಲ್ರೀ ಸರ" ಎಂದರು ಗಣಿತದವರು.

"ಅದು ಕೇಂದ್ರದ್ದು. ಇದು ರಾಜ್ಯದ್ದು. ಎರಡೂ ಕಲಸಬ್ಯಾಡ್ರಿ."

ಮೂರು ಪಿರಿಯಡ್ಡು ಭಾಷಣ ನಡೆಯಿತು. ಕೇಳುಗರು ಏಳದಿರಲೆಂದು ಎದುರಿನ ಅಂಗಡಿಯಿಂದ ಹನ್ನೆರಡು ಕಪ್ ಚಹಾ ತರಿಸಿದರು. ಕಪ್ಪಿಗೆ ಹತ್ತರಂತೆ ಬಿಲ್ಲು 120. ನೂರು ರೂಪಾಯಿಯ ಅನ್ಯಾಯ ತಿಳಿಸಿ ಹೇಳಲು ಅಷ್ಟು ಖರ್ಚು ಇದ್ದದ್ದೇ.

ಅದೇ ಹೊತ್ತಿಗೆ ಅವರ ಅಕ್ಕನ ಮಗ ಬಂದ. ನಿಪ್ಪಾಣಿಯ ಹುಡುಗ. ದಿನಾ ಗಡಿ ದಾಟಿ ಮಹಾರಾಷ್ಟ್ರದ ಕಾಗಲದ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ದುಡಿಯಲು ಹೋಗುತ್ತಾನೆ.

"ಫೆಬ್ರುವರಿಗೆ 300 ಅಂದ್ರ ನಮಗೇನು ಹೊಸಾದಲ್ಲ ಮಾಮಾ. ಮಹಾರಾಷ್ಟ್ರದಾಗ ಮೊದಲಿಂದನೂ ಹಿಡೀತಾರ."

"ನಿನ್ನ ಪಗಾರೆಷ್ಟೋ?"

"ಹದಿನೆಂಟು ಸಾವಿರ."

ಮಾಸ್ತರರ ಕಣ್ಣಿಗೆ ಎಷ್ಟೋ ದಿನಗಳ ಮೇಲೆ ಕಳೆ ಬಂತು. ಖಡುವಿನ ಡಬ್ಬಿ ಹರಿದು ಅದರ ಬೆನ್ನಿಗೆ ಗೆರೆ ಎಳೆದರು. ಆಚೆ ಗಂಡಸಿನ ಪಗಾರ ತಿಂಗಳಿಗೆ 10,000 ದಾಟಿದರೆ ವರ್ಷಕ್ಕೆ 2,500. ಈಚೆ, 2023ರ ಏಪ್ರಿಲ್‌ನಿಂದ, 25,000 ಮುಟ್ಟುವತನಕ ಏನೂ ಇಲ್ಲ. ಈ ಸಲದ ಸೊನ್ನೆಯನ್ನು ರಂಗೋಲಿಯ ಚುಕ್ಕಿ ಇಟ್ಟಂತೆ ದುಂಡಗೆ ಬರೆದರು.

"ವರ್ಷಕ್ಕ ಎರಡೂವರಿ ಸಾವಿರ ಉಳೀತೈತಿ! ಆ ನೌಕರಿ ಬಿಟ್ಟು ಈಚೀಕ ಬಾರಲೇ!"

"ಬರ್ತೀನಿ ಮಾಮಾ. ಈಚೀಕ ಕೆಲಸ ಎಲ್ಲೈತಿ ಹೇಳು."

ಮಾಸ್ತರರು ಡಬ್ಬಿಯ ಹಾಳೆಯನ್ನು ಮೇಲೆ ಕೆಳಗೆ ನೋಡಿದರು. ಹಿಂದೆ ಮುಂದೆ ತಿರುವಿದರು. ಚಾಳೀಸು ತೆಗೆದು ಒರೆಸಿದರು.

"ಆ ಕಾಲಂ ನಮ್ಮ ತಖ್ತೆದಾಗ ಬರೂದಿಲ್ಲಪಾ" ಎಂದರು. "ಚಹಾ ಕುಡಿ, ಆರಿ ಹೋಗತೈತಿ."