ಪುಕ್ಕಟೋಪಕರಣ ಮೀಮಾಂಸೆ: ವರದಾ ತೀರದ ತರಗತಿಗಳಲ್ಲಿ ಬಹುಮಾಧ್ಯಮ ಕಥನ

1. ವಿಷಯ ಮತ್ತು ಕ್ಷೇತ್ರ

ತರಗತಿಯ ಬೋಧನೆಗೂ ಡಿಜಿಟಲ್ ಕಥನಕ್ಕೂ, ಅಂದರೆ ದನಿ, ಚಿತ್ರ, ಬರಹಗಳನ್ನು ಹೆಣೆದು ಎರಡು ಮೂರು ನಿಮಿಷಗಳಲ್ಲಿ ಕಥೆ ಹೇಳುವ ಕಲೆಗೂ, ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುವ ಸಾಧನಗಳ ಕುರಿತ ಸಾಹಿತ್ಯವು ಈವರೆಗೆ ಸ್ತೋತ್ರ ಪ್ರಕಾರವನ್ನು ದಾಟಿಲ್ಲ. ತರಬೇತಿ ಶಿಬಿರಗಳಲ್ಲಿ ಪಠಿಸಲಾಗುವ ಈ ಸ್ತೋತ್ರಗಳು 'ಮೂರೇ ಕ್ಲಿಕ್' ಎಂಬ ಪಲ್ಲವಿಯಿಂದ ಆರಂಭವಾಗಿ, ಚಹಾದ ಬಿಡುವಿನಲ್ಲಿ ತಾರಸ್ಥಾಯಿಯನ್ನು ಮುಟ್ಟಿ, ಹಾಜರಿ ಪುಸ್ತಕದ ಸಹಿಯೊಂದಿಗೆ ಮಂಗಳವಾಗುತ್ತವೆ. ಶಾಸ್ತ್ರಗ್ರಂಥದ ಕೊರತೆಯನ್ನು ನೀಗಲೆಂದು ಹೊರಟ ಪ್ರಸ್ತುತ ಪ್ರಬಂಧವು ಹಾವೇರಿ ತಾಲ್ಲೂಕಿನ ಹೊಸರಿತ್ತಿಯನ್ನು ಮುಖ್ಯ ಕ್ಷೇತ್ರವನ್ನಾಗಿಯೂ ಬ್ಯಾಡಗಿ, ರಾಣೆಬೆನ್ನೂರುಗಳನ್ನು ಉಪಕ್ಷೇತ್ರಗಳನ್ನಾಗಿಯೂ ಆರಿಸಿಕೊಂಡಿದ್ದು, ಆಯ್ಕೆಗೆ ಎರಡು ಕಾರಣಗಳಿವೆ: ಹೇಳಲೇಬೇಕಾದ ಕಥೆ ಇಲ್ಲಿದೆ, ಹೇಳತೊಡಗಿದಾಗ ಹೋಗುವ ಕರೆಂಟೂ ಇಲ್ಲಿದೆ.

ಕಥೆ ಸುಪರಿಚಿತವಾದುದು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಮೈಲಾರ ಮಹಾದೇವಪ್ಪನವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋಗಿ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಪೊಲೀಸರ ಗುಂಡಿಗೆ ಬಲಿಯಾದರು. ಈ ಕಥೆಯನ್ನು ಎಂಟನೆಯ ಇಯತ್ತೆಯ ಮಕ್ಕಳು ಪುಕ್ಕಟೆ ಸಾಧನಗಳಿಂದ ದೃಶ್ಯರೂಪಕ್ಕೆ ತರಬಲ್ಲರೇ ಎಂಬುದೇ ಮೀಮಾಂಸೆಯ ಮೂಲ ಪ್ರಶ್ನೆ.

2. ಪುಕ್ಕಟೆಯ ಲಕ್ಷಣ ಮತ್ತು ಪಂಚಭೇದ

ಹಣ ಕೊಡದೆ ಪಡೆದು, ಬೇರೆಲ್ಲವನ್ನೂ ಕೊಡುವಂತೆ ಮಾಡುವ ವಸ್ತುವಿಗೆ ಪುಕ್ಕಟೆಯೆಂದು ಹೆಸರು. ಬೇರೆಲ್ಲವೆಂದರೆ ಇ-ಮೇಲ್ ವಿಳಾಸ, ಹುಟ್ಟಿದ ದಿನಾಂಕ, ಫೋನಿಗೆ ಬರುವ ಓಟಿಪಿ, ಮತ್ತು ಓಟಿಪಿ ಬರುವವರೆಗಿನ ಆಯುಷ್ಯ. ಇದರಲ್ಲಿ ಐದು ಭೇದಗಳುಂಟು.

ಮೊದಲನೆಯದು ಲಾಂಛಿತ. ಇಲ್ಲಿ ಸಿದ್ಧವಾದ ಚಿತ್ರದ ಮೂಲೆಯಲ್ಲಿ ತಯಾರಕ ಸಂಸ್ಥೆಯ ಮುದ್ರೆ ಅಳಿಸಲಾಗದಂತೆ ಕೂರುವುದರಿಂದ, ಕಥೆ ಹೆಣೆದ ವಿದ್ಯಾರ್ಥಿನಿಯ ಹೆಸರಿಗಿಂತ ಮುದ್ರೆಯೇ ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಮುದ್ದತಿ, ಅಂದರೆ ಕೆಲವು ದಿನ ಎಲ್ಲವನ್ನೂ ಕೊಟ್ಟು, ವಾರ್ಷಿಕೋತ್ಸವದ ಹಿಂದಿನ ದಿನ ಕಿತ್ತುಕೊಳ್ಳುವಂಥದು. ಮೂರನೆಯದು ಪರಿಮಿತ. ಝೂಮ್‌ನ ಪುಕ್ಕಟೆ ಸಭೆ 40 ನಿಮಿಷಕ್ಕೆ ಮುಗಿಯುವುದು ಇದಕ್ಕೆ ಉದಾಹರಣೆಯಾಗಿದ್ದು, 'ಕೇಳಸ್ತೈತೇನ್ರಿ?' ಎಂಬ ಪ್ರಶ್ನೆಗೂ 'ಇಲ್ರಿ' ಎಂಬ ಉತ್ತರಕ್ಕೂ ಅದರ ಬಹುಭಾಗ ವಿನಿಯೋಗವಾಗುತ್ತದೆ. ಕೇಳಿಸದವರು ಉತ್ತರಿಸಿದ್ದು ಹೇಗೆಂಬುದು ತರ್ಕಶಾಸ್ತ್ರಕ್ಕೆ ಬಿಟ್ಟ ವಿಷಯ.

ನಾಲ್ಕನೆಯದು ನಶ್ವರ. ಶಿಕ್ಷಕರು ಒಂದು ಸಾಧನವನ್ನು ಪೂರ್ಣವಾಗಿ ಕಲಿತ ಗಳಿಗೆಯಲ್ಲಿ ಅದು ಕಣ್ಮರೆಯಾಗುವುದು ಈ ಭೇದದ ಸ್ವಭಾವ. ವಿಂಡೋಸ್ ಮೂವಿ ಮೇಕರ್ 2017ರ ಜನವರಿಯಲ್ಲಿ ನಿಂತಿತು. ಅನಿಮೇಷನ್ ಪಾಠಗಳ ರಾಶಿಯನ್ನೇ ಹೊತ್ತಿದ್ದ ಅಡೋಬಿ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ರಂದು ಬೆಂಬಲ ಕೊನೆಗೊಂಡಿತು. ಗೂಗಲ್‌ನ ಜಾಮ್‌ಬೋರ್ಡ್ ಎಂಬ ಬಿಳಿಹಲಗೆ 2024ರ ಡಿಸೆಂಬರ್ 31ರಂದು ಮುಚ್ಚಿತು. ಎರಡು ಸಾಧನಗಳ ತಿಥಿ ಒಂದೇ ಆಗಿರುವುದರಿಂದ, ಹೊಸ ವರ್ಷದ ಹಿಂದಿನ ದಿನವನ್ನು ಶಿಕ್ಷಕರ ಸಾಮೂಹಿಕ ಶ್ರಾದ್ಧದ ದಿನವೆಂದು ಪಂಚಾಂಗದಲ್ಲಿ ಸೇರಿಸಬೇಕೆಂಬ ಸಲಹೆ ಪರಿಶೀಲನಾರ್ಹವಾಗಿದೆ.

ಐದನೆಯದು ಶುದ್ಧ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2000ದಲ್ಲಿ ಹೊರಬಂದ, ದನಿಯನ್ನು ಮುದ್ರಿಸಿ ಕತ್ತರಿಸಿ ಜೋಡಿಸುವ ಆಡಾಸಿಟಿ, ಮತ್ತು ದೃಶ್ಯ ಸಂಕಲನದ ಓಪನ್‌ಶಾಟ್, ಕೆಡೆನ್‌ಲೈವ್‌ಗಳು ಇದಕ್ಕೆ ಸೇರುತ್ತವೆ. ಇವುಗಳ ಮೂಲಸಂಕೇತ, ಅಂದರೆ ತಂತ್ರಾಂಶವನ್ನು ಬರೆದ ಸೂತ್ರಗಳು, ಎಲ್ಲರಿಗೂ ತೆರೆದಿರುತ್ತವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಇಷ್ಟೊಂದು ಗುಣಗಳಿದ್ದೂ ಶಿಬಿರಗಳಲ್ಲಿ ಇವುಗಳ ಹೆಸರು ಕಡೆಯ ಸ್ಲೈಡಿನಲ್ಲಿ, ಊಟದ ಗಂಟೆ ಬಾರಿಸಿದ ಮೇಲೆ ಬರುವುದು ವಾಡಿಕೆ.

3. ಸಪ್ತಾಂಗವೂ ಎಂಟನೆಯ ಅಂಗವೂ

ರಾಜ್ಯಕ್ಕೆ ಏಳು ಅಂಗಗಳೆಂದು ಕೌಟಿಲ್ಯನು ಹೇಳಿದ್ದಾನೆ. ಡಿಜಿಟಲ್ ಕಥನಕ್ಕೂ ಏಳೆಂದು ಅಮೆರಿಕದ ಜೋ ಲ್ಯಾಂಬರ್ಟ್ ಮತ್ತು ಸಂಗಡಿಗರ ಪರಂಪರೆ ಹೇಳುತ್ತದೆ. ಕಥೆಗಾರನ ದೃಷ್ಟಿಕೋನ, ಕೊನೆಯವರೆಗೆ ಹಿಡಿದಿಡುವ ಪ್ರಶ್ನೆ, ಭಾವ, ಸ್ವಂತ ದನಿ, ಸಂಗೀತ, ಮಿತವ್ಯಯ ಮತ್ತು ಗತಿ ಎಂಬಿವು ಆ ಏಳು. ಈ ಸಿದ್ಧಾಂತವು ಸ್ಯಾನ್ ಫ್ರಾನ್ಸಿಸ್ಕೋ ಪ್ರಾಂತದಲ್ಲಿ ರೂಪುಗೊಂಡ ಕಾರಣ, ವಿದ್ಯುತ್ತೆಂಬ ಎಂಟನೆಯ ಅಂಗವು ಅದರಲ್ಲಿ ಉಕ್ತವಾಗಿಲ್ಲ. 'ಸರ, ಕರೆಂಟ್ ಹೋತ್ರಿ' ಎಂಬ ಮಹಾವಾಕ್ಯವು ಕೇಳಿಬಂದೊಡನೆ ಉಳಿದ ಏಳೂ ಅಂಗಗಳು ಏಕಕಾಲದಲ್ಲಿ ಲಯವಾಗುವುದರಿಂದ, ಎಂಟನೆಯದೇ ಪ್ರಧಾನವೆಂಬುದು ನಿರ್ವಿವಾದ.

4. ಎರಡು ದೋಷಗಳು

ಅಕ್ಷರಭಂಗವು ಮೊದಲನೆಯ ದೋಷ. ಕನ್ನಡದ ಗುಣಿತ ಮತ್ತು ಒತ್ತುಗಳು ಸರಿಯಾದ ಜಾಗದಲ್ಲಿ ಕೂರಲು, ಯೂನಿಕೋಡ್ ಸಂಕೇತಗಳನ್ನು ಸೇರಿಸಿ ಅಕ್ಷರದ ಆಕಾರ ಕೊಡುವ ವ್ಯವಸ್ಥೆ ತಂತ್ರಾಂಶದೊಳಗೆ ಇರಬೇಕು. ಅದಿಲ್ಲದ ಕಡೆ 'ಹೊಸರಿತ್ತಿ' ಎಂದು ಬರೆದರೆ ಒತ್ತು ತನ್ನ ಅಕ್ಷರವನ್ನು ತೊರೆದು ಪಕ್ಕದಲ್ಲಿ ಒಂಟಿಯಾಗಿ ನಿಲ್ಲುತ್ತದೆ. 'ಬ್ಯಾಡಗಿ' ಎಂದರೆ ಯ ಒತ್ತು ಊರನ್ನೇ ಬಿಟ್ಟು ಹೋಗುತ್ತದೆ. ಹಳೆಯ ನುಡಿ ಫಾಂಟಿನ ಬರಹವನ್ನು ನೇರವಾಗಿ ಅಂಟಿಸಿದಾಗ ಮೂಡುವ ರೋಮನ್ ಅಕ್ಷರಗಳ ಗೊಂದಲವನ್ನು ಯಾವ ಲಿಪಿತಜ್ಞರೂ ಓದಲಾರರು, ಶಾಲಾ ತಪಾಸಣೆಗೆ ಬಂದವರು ಮಾತ್ರ 'ಛಲೋ ಐತಿ' ಎಂದು ಬರೆದು ಹೋಗುತ್ತಾರೆ.

ಎರಡನೆಯದು ಪರಬಿಂಬ ದೋಷ. ಸಿದ್ಧ ಚಿತ್ರಕೋಶದಲ್ಲಿ ಹಳ್ಳಿಯ ಶಾಲೆಯನ್ನು ಹುಡುಕಿದರೆ ಹಿಮ ಬಿದ್ದ ಹೆಂಚಿನ ಮನೆ ಬರುತ್ತದೆ. ಸ್ವಾತಂತ್ರ್ಯ ಹೋರಾಟವನ್ನು ಹುಡುಕಿದರೆ ಯಾವುದೋ ದೇಶದ ಬಾವುಟ ಬರುತ್ತದೆ. ಏಪ್ರಿಲ್ 1 ಎಂದು ಒತ್ತಿದರೆ ಬಣ್ಣದ ಟೋಪಿ ಧರಿಸಿದ ವಿದೂಷಕನೊಬ್ಬ ನಕ್ಕು ನಿಲ್ಲುತ್ತಾನೆ. ಮೂವರು ಬಿದ್ದ ದಿನಕ್ಕೆ ವಿದೂಷಕನನ್ನು ಒದಗಿಸುವ ಯಂತ್ರದ ತಪ್ಪು ಜಗತ್ತಿನಷ್ಟು ದೊಡ್ಡದಾದರೂ, ತಿದ್ದುವ ಉಪಾಯ ಸಣ್ಣದು: ಮಕ್ಕಳು ವೀರಭದ್ರ ದೇವಸ್ಥಾನದವರೆಗೆ ನಡೆದು ಹೋಗಿ ಫೋಟೋ ತೆಗೆಯಬೇಕು. ಆದರೆ ನಡೆಯುವುದು ಬಹುಮಾಧ್ಯಮದಲ್ಲಿ ಸೇರುತ್ತದೆಯೇ ಎಂಬ ಬಗ್ಗೆ ಸುತ್ತೋಲೆಗಳು ಮೌನವಾಗಿವೆ.

5. ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷದವರು ಹೀಗೆ ಆಕ್ಷೇಪಿಸುತ್ತಾರೆ: 2017ರಲ್ಲಿ ಆರಂಭವಾದ, ಡಿಜಿಟಲ್ ಪಾಠಗಳ ದೀಕ್ಷಾ ವೇದಿಕೆಯ ಕ್ಯೂಆರ್ ಕೋಡುಗಳು ಪಠ್ಯಪುಸ್ತಕದಲ್ಲೇ ಅಚ್ಚಾಗಿವೆ, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ 2015ರಿಂದ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಕಥೆಗಳನ್ನು ಮುಕ್ತ ಪರವಾನಗಿಯಲ್ಲಿ, ಅಂದರೆ ಕರ್ತೃವಿನ ಹೆಸರು ಹೇಳಿ ಯಾರಾದರೂ ಬಳಸಬಹುದಾದ ಒಪ್ಪಂದದಲ್ಲಿ, ಕೊಡುತ್ತಿದೆ, ಎಲ್ಲವೂ ಸಿದ್ಧವಿರುವಾಗ ಮಕ್ಕಳು ಮತ್ತೇನು ಮಾಡಬೇಕು? ಉತ್ತರವಿದು: ಸಿದ್ಧವಿರುವುದು ಓದಲಿಕ್ಕೆ, ಹೆಣೆಯುವುದು ಕಲಿಯಲಿಕ್ಕೆ. ಕ್ಯೂಆರ್ ಚೌಕವನ್ನು ನೆಟ್ ಇಲ್ಲದಾಗ ಸ್ಕ್ಯಾನ್ ಮಾಡಿದರೆ ಅದು ರಂಗೋಲಿಗಿಂತ ಹೆಚ್ಚೇನನ್ನೂ ಹೇಳುವುದಿಲ್ಲ, ಮತ್ತು ಹೊಸರಿತ್ತಿಯ ಮಗು ಹೊಸರಿತ್ತಿಯ ಕಥೆಯನ್ನು ತನ್ನ ದನಿಯಲ್ಲಿ ಹೇಳಿದ ಕಡತವು ಯಾವ ವೇದಿಕೆಯಲ್ಲೂ ತಾನಾಗಿ ಹುಟ್ಟುವುದಿಲ್ಲ.

ಹೀಗೆ ಹೆಣೆದ ಕಥೆಯ ಹಂಚಿಕೆಗೂ ಸ್ಥಳೀಯ ಪ್ರಮಾಣವಿದೆ. ಇದೇ ಜಿಲ್ಲೆಯ ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಪ್ರಸಿದ್ಧ. ಲಾಗಿನ್, ಪಾಸ್‌ವರ್ಡ್ ಬೇಡದ ಈ ವಿಧಾನಕ್ಕೆ ಇಂದಿನ ವಾರಸುದಾರ ಪೆನ್‌ಡ್ರೈವ್. ಆದ್ದರಿಂದ ಸಿದ್ಧಾಂತ: ಯಾವ ಸಾಧನದಿಂದ ಮಾಡಿದ ಕೆಲಸವನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಬಹುದೋ ಅದು ಮಾತ್ರ ಪುಕ್ಕಟೆ, ಉಳಿದವು ಸಾಲ.

6. ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದ ಶಿಕ್ಷಕರಿಗೆ ಮರೆತ ಪಾಸ್‌ವರ್ಡ್ ನೆನಪಾಗುತ್ತದೆ. ಕಡತವನ್ನು ಎರಡು ಕಡೆ ನಕಲಿಸಿಟ್ಟವರಿಗೆ ವೈರಸ್ ಭಯವಿಲ್ಲ. ದನಿಯನ್ನು ಬೆಳಿಗ್ಗೆ ಕರೆಂಟಿದ್ದಾಗಲೇ ಮುದ್ರಿಸಿದವರಿಗೆ ಸಂಜೆಯ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಸಿಗುತ್ತದೆ. ಪ್ರೊಜೆಕ್ಟರ್ ರಿಮೋಟಿನ ಸೆಲ್ಲುಗಳ ಖರ್ಚು ಪುಕ್ಕಟೆಯ ಲಕ್ಷಣದೊಳಗೆ ಬರುತ್ತದೆಯೋ ಮುಖ್ಯೋಪಾಧ್ಯಾಯರ ಜೇಬಿನೊಳಗೆ ಬರುತ್ತದೆಯೋ ಎಂಬ ಗಹನ ಪ್ರಶ್ನೆಯನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಲಾಗಿದ್ದು, ಆ ಸಂಪುಟದ ಕರಡು ಸದ್ಯ ಮುದ್ದತಿ ಮುಗಿದ ಖಾತೆಯೊಂದರಲ್ಲಿ ಸಿಕ್ಕಿಕೊಂಡಿದೆ.