ಶುಭ ಕೋರುವವರು

ರಾಕ್ ಬ್ಯಾಂಡಿನ ಆಲ್ಬಂಗೆ ಮುಖಪುಟ ಮಾಡುವುದೂ ಫ್ಲೆಕ್ಸ್ ಮಾಡುವುದೂ ಒಂದೇ ಎಂದು ನಾನು ಈಗಲೂ ವಾದಿಸುತ್ತೇನೆ. ಬೆಂಗಳೂರಿನಲ್ಲಿ ಗಿಟಾರ್ ಬಾರಿಸುವ ನನ್ನ ಅಕ್ಕನ ಮಗ ಒಪ್ಪುವುದಿಲ್ಲ. ಒಪ್ಪದಿದ್ದರೇನು, ಬೀಟಲ್ಸ್ ನನ್ನ ಕಡೆ ಇದ್ದಾರೆ.

1967ರ ಅವರ ‘ಸಾರ್ಜೆಂಟ್ ಪೆಪ್ಪರ್ಸ್’ ಮುಖಪುಟ ನೋಡಿ. ಪೀಟರ್ ಬ್ಲೇಕ್, ಜಾನ್ ಹಾವರ್ತ್ ಎಂಬ ಗಂಡ-ಹೆಂಡತಿ ಸೇರಿ ಮಾಡಿದ್ದು. ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ದೊಡ್ಡ ಮಂದಿ, ಮೇಲಿನ ಸಾಲಿನ ಎಡ ತುದಿಗೆ ಯುಕ್ತೇಶ್ವರ ಗಿರಿ ಎಂಬ ಸ್ವಾಮೀಜಿ, ನಡುವೆ ಮಿರಿಮಿರಿ ಅಂಗಿಯ ನಾಲ್ವರು ನಾಯಕರು, ಕೆಳಗೆ ಹೂವು. ಇದು ಫ್ಲೆಕ್ಸ್ ಅಲ್ಲದೆ ಮತ್ತೇನು? ಗಾಂಧೀಜಿಯೂ ಇದ್ದರಂತೆ, ಭಾರತದಲ್ಲಿ ಬೇಜಾರಾದೀತೆಂದು ಹೆದರಿ ರೆಕಾರ್ಡ್ ಕಂಪನಿಯವರು ತೆಗೆಸಿದರು. ನಮ್ಮನ್ನು ಕೇಳಿದ್ದರೆ, ಪಕ್ಕದಲ್ಲಿ ಬಸವಣ್ಣ, ಅಂಬೇಡ್ಕರ್ ಇಬ್ಬರನ್ನೂ ಹಾಕಿ, ತಕರಾರೇ ಬರುವುದಿಲ್ಲ ಎನ್ನುತ್ತಿದ್ದೆವು.

ಅಳಿಯನ ಬ್ಯಾಂಡು ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಡ್ರಮ್ಮು ಸೇರಿಸಿತ್ತು. 2008ರ ಮೊದಲ ಆಲ್ಬಂನಲ್ಲಿ ರಘು ದೀಕ್ಷಿತ್ ಶರೀಫಜ್ಜನನ್ನು ಗಿಟಾರಿಗೆ ಹತ್ತಿಸಿದ ಮೇಲೆ ತತ್ವಪದ ಕಂಡರೆ ಈ ಹುಡುಗರ ಕೈ ಸುಮ್ಮನಿರುವುದಿಲ್ಲ. ‘ಮಾಮಾ, ಕವರ್ ನೀನೇ ಮಾಡು. ಊರಿನ ವಾಸನಿ ಬರ್ಬೇಕು’ ಅಂದ. ನಾನು ಸರಸಂಬಾದಲ್ಲಿ ಕೂತು ಕೋರೆಲ್ ಡ್ರಾ ತೆರೆದೆ. ಊರಿನ ವಾಸನೆ ಬೇಕೆಂದರೆ ಊರವರು ಬೇಡವೇ?

ಮೊದಲು ಬಂದವರು ಕಾಕಾ, ಪಟಗಾ ಸುತ್ತಿ ಕೈಮುಗಿದ ಫೋಟೊ ಹಿಡಿದು. ಅವರ ಹಿಂದೆ ಕಿವಿಗೆ ಮೊಬೈಲ್ ಹಚ್ಚಿದ ಒಬ್ಬ, ‘ದುಬೈದಿಂದ ಫೋನ್ ಬಂದಂಗ ಕಾಣ್ಲಿ’ ಎಂದು. ಮೂರನೆಯವನದು ಮದುವೆ ಫೋಟೊ. ಹೆಂಡತಿಯನ್ನು ಕತ್ತರಿಸಿ ತೆಗೆದೆ. ಅವಳ ಮೆಹೆಂದಿ ಕೈ ಮಾತ್ರ ಅವನ ಹೆಗಲ ಮೇಲೆ ಉಳಿಯಿತು. ಅಳಿಸಹೋದರೆ ಅವನು ಗಾಬರಿಯಾದ: ‘ಕೈ ಇರ್ಲಿ ಅಣ್ಣಾ. ಅದೂ ಇಲ್ಲಂದ್ರ ಮನ್ಯಾಗ ಬೈತಾಳ.’ ಇರಲಿ ಎಂದು ಬಿಟ್ಟೆ. ಬರಬರುತ್ತ ಆ ಕೈ ನನಗೇ ಬಹಳ ಸೇರಿತು. ಇಡೀ ಮುಖಪುಟದಲ್ಲಿ ರಾಕ್ ಅಂತ ಇದ್ದರೆ ಅದೊಂದೇ. ಬ್ಯಾಂಡಿನ ಹುಡುಗರು ಹಿಂದೆ ಸರಿಯುತ್ತ ಹೋದರು. ಡ್ರಮ್ಮರ್ ಪೂರ್ತಿ ಕಾಕಾನ ಬೆನ್ನಿಗೆ ಬಿದ್ದ. ಅವನ ಎರಡು ಕೋಲು ಮಾತ್ರ ಪಟಗದ ಮೇಲೆ ಕೊಂಬಿನ ಹಾಗೆ ಎದ್ದು ನಿಂತವು. ಕಾಕಾ ಸ್ಕ್ರೀನಿಗೆ ಮೂಗು ಹಚ್ಚಿ ನೋಡಿ, ‘ಕಿರೀಟ ಚಂದ ಕುಂತದ’ ಅಂದರು.

ಅಷ್ಟರಲ್ಲಿ ಅಳಿಯ ಹಿಂಬದಿಗೆ ಹಾಕಲು ಹೆಸರುಗಳ ಪಟ್ಟಿ ಕಳಿಸಿದ. ಮಿಕ್ಸಿಂಗ್ ಮಾಡಿದವನಿಂದ ಹಿಡಿದು ಚಹಾ ತಂದವನವರೆಗೆ ಎಲ್ಲರೂ ಇದ್ದರು. ರಾಗದ ಮುಂದೆ ‘ಸಾಂಪ್ರದಾಯಿಕ’ ಅಂತ ಇತ್ತು. ನನಗೆ ಸಿಟ್ಟು ಬಂತು. ಆ ಅಷ್ಟೂ ಪದಗಳನ್ನು ಇವರು ಮೊಬೈಲಿಗೆ ಇಳಿಸಿಕೊಂಡದ್ದು ನಮ್ಮೂರ ಏಕತಾರಿ ಅಜ್ಜನ ಭಜನೆಯಲ್ಲಿ. ಸಂಪ್ರದಾಯಕ್ಕೆ ದಮ್ಮು ಹತ್ತುತ್ತದೆಯೇ? ರಾತ್ರಿಯಿಡೀ ಹಾಡಿ ಮುಂಜಾನೆ ಗಂಟಲು ಕಟ್ಟುತ್ತದೆಯೇ? ನಾನು ಮೇಲಿನ ಸಾಲು ಖಾಲಿ ಮಾಡಿ ನಟ್ಟನಡುವೆ ಅಜ್ಜನೊಬ್ಬನನ್ನೇ ಕೂರಿಸಿದೆ. ಅವನದಿದ್ದ ಒಂದೇ ಫೋಟೊ ಆಧಾರ್ ಕಾರ್ಡಿನದು.

‘ಮಾಮಾ, ನಮಗ ಮಿನಿಮಲ್ ಬೇಕಿತ್ತು’ ಎಂದು ಅಳಿಯ. ‘ಅಂಕಲ್, ನಾನೆಲ್ಲಿ?’ ಎಂದು ಡ್ರಮ್ಮರ್. ಎಲ್‌ಪಿ ಕಾಲದಲ್ಲಿ ಮುಖಪುಟವೆಂದರೆ 12 ಇಂಚು ಚೌಕ; ಈಗ 3000 ಪಿಕ್ಸೆಲ್ ಕೇಳಿ ಮೊಬೈಲಿನಲ್ಲಿ ಉಗುರಗಲ ತೋರಿಸುತ್ತಾರೆ. ಅವರು ಕಪ್ಪು ಚೌಕದಲ್ಲಿ ಒಂದು ಕೆಂಪು ಚುಕ್ಕಿ ಇಟ್ಟು ಮುಗಿಸಿದರು. ಅಜ್ಜನ ಹೆಸರು ಮಾತ್ರ ನಾನು ಜಗಳ ತೆಗೆದು ಪಟ್ಟಿಗೆ ಹಾಕಿಸಿದೆ.

ನನ್ನ ಡಿಸೈನು ಹಾಳಾಗಬಾರದಲ್ಲ. ಫೋಟೊ ಕೊಟ್ಟವರೇ ಪಟ್ಟಿ ಎತ್ತಿ ಹತ್ತಡಿಯ ಫ್ಲೆಕ್ಸ್ ಮಾಡಿಸಿದರು. 2016ರಲ್ಲೇ ಸರ್ಕಾರ ಫ್ಲೆಕ್ಸ್ ನಿಷೇಧಿಸಿದೆ, ನಿಜ; ಆ ಸುದ್ದಿಯನ್ನೂ ಒಂದು ಫ್ಲೆಕ್ಸಿನಲ್ಲಿ ಹಾಕಿಸಿದ್ದರೆ ನಮ್ಮ ಕಡೆ ತಿಳಿಯುತ್ತಿತ್ತು. ಬೀಟಲ್ಸ್ ಮುಖಪುಟದ ಹೂವು ನೋಡಿ ಗೋರಿ ಎಂದುಕೊಂಡು, 1969ರಲ್ಲಿ ಪಾಲ್ ಮೆಕಾರ್ಟ್ನಿ ಸತ್ತನೆಂಬ ಪುಕಾರಿಗೆ ಅದನ್ನೂ ಸಾಕ್ಷಿ ಮಾಡಿದ್ದರು. ನಾನೂ ಕೆಳಗೆ ಹೂವು ಹಾಕಿದ್ದೆ. ಮೇಲೆ ಆಧಾರ್ ಮುಖ. ಕಟ್ಟಿದ ಮರುದಿನವೇ ಪಕ್ಕದ ಊರಿನವರು ಹಾರ ತಗೊಂಡು ಬಂದರು. ಫ್ಲೆಕ್ಸಿನ ನೆರಳಲ್ಲಿ ಚಹಾ ಕುಡಿಯುತ್ತ ಕೂತಿದ್ದ ಅಜ್ಜ ಅವರ ಮುಖ ನೋಡಿ, ‘ತಂದೀರಿ, ಇನ್ನ ಸುಮ್ನ ಯಾಕ ವಾಪಸ್ ಒಯ್ತೀರಿ?’ ಎಂದು ಕೊರಳು ಚಾಚಿದ.

ಅಂದಿನಿಂದ ಕಾಕಾ ನನ್ನ ಜೊತೆ ಮಾತಾಡುತ್ತಿಲ್ಲ. ಆಧಾರ್ ಕಾರ್ಡು ತಮ್ಮದೂ ಇತ್ತು ಎಂಬುದು ಅವರ ತಕರಾರು.