ಗೋಸ್ವಾಮ್ಯ ಕಾಲನಿರ್ಣಯ: ಗುಂಡ್ಲುಪೇಟೆ–ಚಾಮರಾಜನಗರ ಶಾಖೆ

ಗುಂಡ್ಲುಪೇಟೆಯಲ್ಲಿ ಹೆದ್ದಾರಿಯ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿರುವ ಹಸು ಯಾರದು? ಈ ಪ್ರಶ್ನೆಯನ್ನು ಪೂರ್ವಸೂರಿಗಳೆಲ್ಲ ಹಾರನ್ ಬಾರಿಸಿ ಎದುರಿಸಿದರೇ ಹೊರತು ಶಾಸ್ತ್ರೀಯವಾಗಿ ವಿಚಾರಿಸಲಿಲ್ಲ. ಆ ಕೊರತೆಯನ್ನು ನೀಗುವುದೇ ಈ ಪ್ರಬಂಧದ ಪ್ರಯೋಜನ. ಇದನ್ನು ಓದುವ ಅಧಿಕಾರಿ ಯಾರೆಂದರೆ, ಬೆಳಗಿನ ವಾಕಿಂಗಿನಲ್ಲಿ ಸಗಣಿ ತುಳಿದವನು. ಕಚೇರಿಯ ಅಧಿಕಾರಿಗಳಿಗೆ ಓದಲು ಬೇರೆ ಕಡತಗಳಿವೆ.

ಮೊದಲು ಕ್ಷೇತ್ರನಿರ್ಣಯ. ಗುಂಡ್ಲುಪೇಟೆಯದು ಪುರಸಭೆ, ಅಲ್ಲಿ ಮುಖ್ಯಾಧಿಕಾರಿ. ಚಾಮರಾಜನಗರದ್ದು ನಗರಸಭೆ, ಅಲ್ಲಿ ಪೌರಾಯುಕ್ತರು. ಎರಡಕ್ಕೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಮೂಲ. ತೆರಕಣಾಂಬಿ ದಾಟಿ ಅತ್ತಿಂದಿತ್ತ ಹೋಗುವ ಹಸುವಿಗೆ ಈ ಭೇದ ಕಾಣುವುದಿಲ್ಲವಾದ್ದರಿಂದ ನಾವೂ ಬಿಡೋಣ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತದೆಂಬ ನಂಬಿಕೆ ದಶಕಗಳ ಕಾಲ ವಿಧಾನಸೌಧವನ್ನು ಕಾಡಿತ್ತಷ್ಟೆ. ಊರಿನ ದನಗಳು ದಿನಾ ಕಾಲಿಡುತ್ತವೆ. ಒಂದರ ಪೀಠವೂ ಅಲುಗಿದ್ದಿಲ್ಲ.

ಇನ್ನು ಪ್ರಮಾಣವಿಚಾರ. ಗ್ರಂಥಗಳಿಗೆ ಕೊರತೆಯಿಲ್ಲ. ಅಡ್ಡಾಡುವ ದನವನ್ನು ದೊಡ್ಡಿಗೆ ಕೂಡಲು ಬ್ರಿಟಿಷರು 1871ರಲ್ಲೇ ಕಾಯ್ದೆ ಬರೆದರು. ನಮ್ಮ ರಾಜ್ಯ 1966ರಲ್ಲಿ ತನ್ನದೇ ಒಂದನ್ನು ಮಾಡಿಕೊಂಡಿತು. ಸಾಕಿದ ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟು ಜನರಿಗೆ ಅಪಾಯ ತಂದವನಿಗೆ 1860ರ ದಂಡ ಸಂಹಿತೆಯ 289ನೇ ಕಲಮು ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಎಂದಿತ್ತು. 2023ರ ನ್ಯಾಯ ಸಂಹಿತೆಯಲ್ಲಿ ಅದು 291ನೇ ಕಲಮಾಗಿ, ದಂಡ ಐದು ಸಾವಿರಕ್ಕೇರಿದೆ. 163 ವರ್ಷಗಳಲ್ಲಿ ಐದು ಪಟ್ಟು! ಹಿಂಡಿ, ಬೂಸಾದ ಬೆಲೆಯೂ ಇದೇ ಸಂಯಮ ತೋರಿದ್ದರೆ ದನಗಳು ಕೊಟ್ಟಿಗೆಯಲ್ಲೇ ಇರುತ್ತಿದ್ದವೋ ಏನೋ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು 1978ರ ಕೇಂದ್ರ ನಿಯಮ. ಲಾಭಕ್ಕಾಗಿ ಐದು ಅಥವಾ ಹೆಚ್ಚು ದನ ಕಟ್ಟುವ ಜಾಗವನ್ನು ನೋಂದಾಯಿಸಬೇಕು, ಆದರೆ ಊರಿನ ಜನಸಂಖ್ಯೆ ಒಂದು ಲಕ್ಷ ಮೀರಿರಬೇಕು. 2011ರ ಜನಗಣತಿಯಲ್ಲಿ ಚಾಮರಾಜನಗರ 70 ಸಾವಿರವನ್ನೂ ಮುಟ್ಟಲಿಲ್ಲ, ಗುಂಡ್ಲುಪೇಟೆ 30 ಸಾವಿರವನ್ನೂ ಮುಟ್ಟಲಿಲ್ಲ. ಹಾಗಾಗಿ ನಾಲ್ಕು ಹಸು ಕಟ್ಟಿದವನಿಗೆ ಈ ನಿಯಮ ಎಲ್ಲೂ ತಗುಲದು, ನಲವತ್ತು ಕಟ್ಟಿದವನಿಗೆ ಇಲ್ಲಿ ತಗುಲದು. ಕೊಟ್ಟಿಗೆ ಶುಚಿಯಾಗಬೇಕಾದರೆ ಮೊದಲು ಜನ ಹೆಚ್ಚಬೇಕೆಂಬುದು ಇದರ ಫಲಿತಾರ್ಥ.

2020ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಮಾರ್ಗಸೂಚಿ ಹೊರಡಿಸಿತು. ಅದರಂತೆ ಡೈರಿ ಫಾರಂ ವಾಸದ ಮನೆಗಳಿಂದ 200 ಮೀಟರ್, ಶಾಲೆ ಆಸ್ಪತ್ರೆಗಳಿಂದ 500 ಮೀಟರ್ ದೂರವಿರಬೇಕು. ಟೇಪು ಹಿಡಿದು ಗುಂಡ್ಲುಪೇಟೆಯ ಬೀದಿಗಳಲ್ಲಿ ಇಂಥ ಜಾಗ ಹುಡುಕುತ್ತ ಹೊರಟವನು ಬಂಡೀಪುರದ ಅಂಚಿನಲ್ಲಿ ನಿಲ್ಲುತ್ತಾನೆ. ಅಲ್ಲಿ ದನದ ಬಗ್ಗೆ ಬೇರೆ ಬಗೆಯ ಆಸಕ್ತಿಯುಳ್ಳ ಹುಲಿಗಳಿವೆ. ದೂರದ ವಿಧಿಯನ್ನು ಅಕ್ಷರಶಃ ಪಾಲಿಸಿದ ಗೋಪಾಲಕ ಈ ಸೀಮೆಯಲ್ಲಿ ಒಬ್ಬನೇ. ಹಿಮವದ್ ಗೋಪಾಲಸ್ವಾಮಿ ಊರಿನ ಸಹವಾಸ ಬೇಡವೆಂದು 1,454 ಮೀಟರ್ ಎತ್ತರದಲ್ಲಿ ಮನೆ ಮಾಡಿ ಕೊಳಲು ಹಿಡಿದಿದ್ದಾನೆ. ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲೇ ತಡೆಯುವುದರಿಂದ ಅಲ್ಲಿ ಕಾರಿಗೂ ಕರುವಿಗೂ ಜಗಳವಿಲ್ಲ.

ಇಷ್ಟು ಪ್ರಮಾಣಗಳಿದ್ದೂ ಹಸು ರಸ್ತೆಯಲ್ಲೇ ಇರುವುದೇಕೆ? ಎಲ್ಲ ಗ್ರಂಥಕರ್ತರೂ ಹಸುವಿಗೆ ಇಪ್ಪತ್ತನಾಲ್ಕು ಗಂಟೆಯೂ ಮಾಲೀಕನಿರುತ್ತಾನೆಂದು ಭಾವಿಸಿದ್ದೇ ದೋಷ. ನಮ್ಮ ಸಿದ್ಧಾಂತ ಹೀಗಿದೆ:

ದೋಹೇ ಸ್ವಾಮೀ ಶೇಷೇ ಪುರಸಭಾ.

ಕರೆಯುವ ಹೊತ್ತಿನಲ್ಲಿ ಹಸು ಮಾಲೀಕನದು, ಉಳಿದ ಹೊತ್ತಿನಲ್ಲಿ ಪುರಸಭೆಯದು ಎಂದು ಅರ್ಥ. ಬೆಳಿಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವನಿಗೆ ಹೆಸರಿದೆ, ಸದಸ್ಯ ಸಂಖ್ಯೆಯಿದೆ, ಹಾಲಿನ ಫ್ಯಾಟು ಎಷ್ಟೆಂಬ ಚೀಟಿಯಿದೆ, ಸರ್ಕಾರದ ಪ್ರೋತ್ಸಾಹಧನ ಬೀಳುವ ಬ್ಯಾಂಕ್ ಖಾತೆಯಿದೆ. ಹಗ್ಗ ಬಿಚ್ಚಿದ ಮೇಲೆ ಅದೇ ಹಸುವನ್ನು ತೋರಿಸಿ ಕೇಳಿ: "ನಮ್ದಲ್ಲ ಕನ್ ಸಾ, ಅತ್ಲಾಗಿನ ಬೀದಿಯವರ್ದು." ಅತ್ತಲಾಗಿನ ಬೀದಿಗೆ ಹೋದರೆ ಅದು ಇತ್ತಲಾಗಿನವರದು.

ಪಯಃ ಸಸ್ವಾಮಿಕಂ ಗೋಮಯಮನಾಥಮ್.

ಹಾಲಿಗೆ ಒಡೆಯನುಂಟು, ಸಗಣಿ ಅನಾಥ. ಅದೇ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಂತೆ ಒಂದು ದನ ದಿನಕ್ಕೆ 15ರಿಂದ 20 ಕೆಜಿ ಸಗಣಿ, ಅಷ್ಟೇ ಲೀಟರು ಗಂಜಲ ಹಾಕುತ್ತದೆ. ತಿಪ್ಪೆ ಸೇರಿ ಗೊಬ್ಬರವಾಗಿ ಅರಿಶಿನದ ಹೊಲಕ್ಕೆ ಹೊರಟ ಸಗಣಿಗೂ ಮಾಲೀಕನಿದ್ದಾನೆ, ಗಾಡಿಗೆ ಇಷ್ಟು ಎಂದು ದರವೂ ಇದೆ. ಚರಂಡಿಗೆ ಇಳಿದದ್ದು ಮಾತ್ರ ಪೌರಕಾರ್ಮಿಕರ ಪಾಲು. ಅವರ ಸಲಿಕೆ ಬರುವ ಮುನ್ನ ಚರಂಡಿ ಕಟ್ಟಿ ಸೊಳ್ಳೆ ಏಳುತ್ತದೆ, ಸಗಣಿ ಮತ್ತು ಕೊಳೆತ ಹುಲ್ಲಿನಲ್ಲಿ ಕಚ್ಚುವ ನೊಣ ಮರಿ ಮಾಡುತ್ತದೆ. 2022ರಲ್ಲಿ ರಾಜ್ಯದ ದನಗಳನ್ನು ಹಣ್ಣು ಮಾಡಿದ ಚರ್ಮಗಂಟು ರೋಗವನ್ನು ಹಸುವಿನಿಂದ ಹಸುವಿಗೆ ಹೊತ್ತವು ಇಂಥ ಕಚ್ಚುವ ಕೀಟಗಳೇ. ಕರ್ಮಸಿದ್ಧಾಂತಕ್ಕೆ ಇಷ್ಟು ಶೀಘ್ರವಾದ ನಿದರ್ಶನ ಬೇರೆ ದರ್ಶನಗಳಲ್ಲಿ ಸಿಗದು.

ಇನ್ನೊಂದು ದಾರಿಯಲ್ಲಿ ಊರೇ ಹಸುವಿನ ಹೊಟ್ಟೆ ಸೇರುತ್ತದೆ. ರಾಜ್ಯದಲ್ಲಿ ಪ್ಲಾಸ್ಟಿಕ್ ಕವರು 2016ರಲ್ಲೇ ನಿಷೇಧವಾಗಿದೆ. ಆದ್ದರಿಂದ ಜನ ಮಿಕ್ಕ ಅನ್ನವನ್ನು ನಿಷೇಧಿತ ಕವರಿನಲ್ಲಿ ಗಂಟು ಕಟ್ಟಿ ಎಸೆಯುತ್ತಾರೆ. ಹಸುವಿಗೆ ಗಂಟು ಬಿಚ್ಚಲು ಬರುವುದಿಲ್ಲ. ಕವರು ಮೊದಲ ಹೊಟ್ಟೆಯಲ್ಲಿ ಉಂಡೆಯಾಗುತ್ತದೆ, ತಂತಿ ಮೊಳೆಗಳು ಎರಡನೆಯದರಲ್ಲಿ ನಿಂತು ಕೆಲವೊಮ್ಮೆ ಎದೆಗೇ ಚುಚ್ಚುತ್ತವೆ. ಇನ್ನು ಬ್ರುಸೆಲ್ಲಾ ರೋಗಾಣು ಹೊತ್ತ ಹಸು ಹೊರಗೆ ಆರೋಗ್ಯವಾಗಿಯೇ ಕಂಡೀತು. ಹಸಿ ಹಾಲು ಕುಡಿದವನಿಗೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ಹಾಲನ್ನು ಉಕ್ಕಿಸದೆ ಕಾಫಿ ಮಾಡದ ನಮ್ಮ ಹಟ ಇಲ್ಲಿ ಕಾಪಾಡಿದೆ. ನಿಯಮಗಳನ್ನೆಲ್ಲ ತೂಗಿ ನೋಡಿದರೆ ಈ ಜಿಲ್ಲೆಯ ಅತ್ಯಂತ ದಕ್ಷ ಹೆಲ್ತ್ ಇನ್‌ಸ್ಪೆಕ್ಟರ್ ಗ್ಯಾಸ್ ಒಲೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ದನಗಳ ಕಿವಿಗೆ ಹಳದಿ ಓಲೆ ಹಾಕಿ 12 ಅಂಕಿಯ ಸಂಖ್ಯೆ ಕೊಟ್ಟಾಗಿದೆಯಲ್ಲ, ಒಡೆಯ ಸಿಗಲೇಬೇಕು. ಸಮಾಧಾನ: ಓದಬೇಕಾದರೆ ಕಿವಿಯ ಹತ್ತಿರ ಹೋಗಬೇಕು, ಕಿವಿಯ ಪಕ್ಕದಲ್ಲೇ ಕೊಂಬಿದೆ. ಮೇಲಾಗಿ ಹಸು ಎಲ್ಲಿಗೂ ಪರಾರಿಯಾಗಿಲ್ಲ, ಕಣ್ಣೆದುರೇ ಮಲಗಿದೆ. ಪರಾರಿಯಾದವನ ಕಿವಿಯಲ್ಲಿ ಏನೂ ಇಲ್ಲ.

ಅಪಘಾತೇ ಬಹವಃ.

ಇದು ಅಪವಾದಸೂತ್ರ. ಬಂಡೀಪುರದ ದಾರಿ 2009ರಿಂದ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಗೇಟು ಬೀಳುವ ಮೊದಲು ಸುಲ್ತಾನ್ ಬತ್ತೇರಿಯ ಕಡೆ, ಊಟಿಯ ಕಡೆ ನುಗ್ಗುವ ಕಾರುಗಳು, ಬೆಚ್ಚಗಿನ ಡಾಂಬರಿಗೆ ಬಂದು ಮಲಗಿದ ದನಗಳು, ಎರಡೂ ಸೇರುವ ಸಂಧ್ಯಾಕಾಲವಿದು. ಆನೆಗೆ ರಾತ್ರಿಯ ರಸ್ತೆ ಸರ್ಕಾರಿ ಆದೇಶದಿಂದ ಸಿಕ್ಕಿತು, ಹಸು ಸ್ವಂತ ಪರಿಶ್ರಮದಿಂದ ಗಳಿಸಿಕೊಂಡಿತು. ಬಂಪರ್ ತಾಗಿದ್ದೇ ತಡ, ಅನಾಥ ಹಸುವಿಗೆ ಒಬ್ಬನಲ್ಲ, ಮೂವರು ಮಾಲೀಕರು ಪ್ರತ್ಯಕ್ಷ. ಅದು ಹೊತ್ತಿಗೆ ಹತ್ತು ಲೀಟರು ಕೊಡುತ್ತಿತ್ತೆಂಬುದೂ ಆಗಲೇ ತಿಳಿಯುವುದು.

ದೊಡ್ಡಿಗೆ ಕೂಡುವುದು ಪರಿಹಾರವಲ್ಲವೆ? ಕೂಡಿದ ದನಕ್ಕೆ ಮೇವು, ನೀರು ಕೂಡಿದವರೇ ಹಾಕಬೇಕು. ಅಂದರೆ ಹಿಡಿದ ಕ್ಷಣದಿಂದ ಪುರಸಭೆಯೇ ಊರೊಳಗೆ ಅತಿ ಹೆಚ್ಚು ದನ ಕಟ್ಟಿದ ಸಾಕಣೆದಾರ, ಸಗಣಿಯ ಲೆಕ್ಕವೂ ಅದರ ತಲೆಗೇ.

ಆದ್ದರಿಂದ ನಮ್ಮ ಶಿಫಾರಸು ಒಂದೇ: ನೋಟಿಸನ್ನು ಹೆದ್ದಾರಿಯಲ್ಲಿ ಹಸುವಿಗೆ ತೋರಿಸುವ ಬದಲು, ಬೆಳಿಗ್ಗೆ ಆರಕ್ಕೆ ಡೈರಿಯ ಸಾಲಿನಲ್ಲಿ ಕ್ಯಾನಿನ ಜೊತೆ ಕೊಡಬೇಕು. ಮಾಲೀಕನೆಂಬ ಪದಾರ್ಥ ಲೋಕದಲ್ಲಿ ಇರುವುದು ಆ ಗಳಿಗೆಯಲ್ಲಿ ಮಾತ್ರ. ಇದಕ್ಕೆ ಬಂದಿರುವ ಆಕ್ಷೇಪವೂ ಒಂದೇ. ಕಚೇರಿ ತೆರೆಯುವುದು ಹತ್ತಕ್ಕೆ. ಅಷ್ಟರಲ್ಲಿ ಹಾಲು ಕುದೇರಿನ ಚಾಮುಲ್ ದಾರಿ ಹಿಡಿದಿರುತ್ತದೆ, ಹಸು ಬಸ್ ಸ್ಟ್ಯಾಂಡಿನ ದಾರಿ.